ಹಳೆಯ ಸಮಾಧಿ ನೋಡಲು ಬರುವವರಿಗೆ ಬಾಗಿಲು ತೆರೆಯಲಿ, ಸಿಮೆಂಟಿಗೆ ಮುಚ್ಚಲಿ

ಮಾನ್ಯ ಸಂಪಾದಕರೇ,

ಗೋಥ್ ಎಂದು ಕರೆಸಿಕೊಳ್ಳುವ ಯುವಜನರ ಬಳಗವೊಂದಿದೆ. ಕಪ್ಪು ಉಡುಪು, ದಪ್ಪ ಕಾಡಿಗೆ, ಬೆಳ್ಳಿಯ ಸರ ಅವರ ಗುರುತು. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಒಂದು ಬಗೆಯ ಸಂಗೀತದ ಸುತ್ತ ಹುಟ್ಟಿದ ಈ ಬಳಗದವರು ಈಗ ಭಾರತದ ದೊಡ್ಡ ನಗರಗಳಲ್ಲೂ ಇದ್ದಾರೆ. ಉಳಿದವರು ಕೋಟೆ, ಜಲಪಾತ ಹುಡುಕಿಕೊಂಡು ಹೋದಂತೆ ಇವರು ಹಳೆಯ ಸಮಾಧಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1992ರಿಂದ ನಡೆಯುವ ಇವರ ವಾರ್ಷಿಕ ಮೇಳಕ್ಕೆ ಸುಮಾರು ಇಪ್ಪತ್ತು ಸಾವಿರ ಜನ ಸೇರುತ್ತಾರೆ. ಲಂಡನ್ನಿನ ಹೈಗೇಟ್, ಪ್ಯಾರಿಸಿನ ಪೇರ್ ಲಾಶೇಸ್, ಕೋಲ್ಕತ್ತದಲ್ಲಿ 1767ರಲ್ಲಿ ತೆರೆದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ ಇಂಥವರಿಗೆ ತೀರ್ಥಕ್ಷೇತ್ರಗಳಿದ್ದಂತೆ.

ನಮ್ಮ ಕರಾವಳಿಯಲ್ಲಿ ಇಂಥವರು ಗೋರಿಯ ಹತ್ತಿರ ಕಂಡರೆ ಮೊದಲು ಬರುವ ಅನುಮಾನ ಮಾಟದ್ದು, ಎರಡನೆಯದು ನಿಧಿಗಳ್ಳರದ್ದು. ಎರಡನೆಯ ಅನುಮಾನಕ್ಕೆ ಕಾರಣವಿದೆ. ನಿಧಿಯ ಆಸೆಗೆ ವೀರಗಲ್ಲಿನ ಬುಡ ಅಗೆದು ಹೋದವರು ನಮ್ಮ ಸೀಮೆಗೆ ಹೊಸಬರಲ್ಲ. ಆದರೆ ಕಲ್ಲಿನ ಮುಂದೆ ಅರ್ಧ ತಾಸು ಕೂತು ಅದರ ಮೇಲಿನ ಹೆಸರು ಓದುವ ವ್ಯವಧಾನ ಇರುವ ಪ್ರವಾಸಿಗ ಸಿಗುವುದು ಅಪರೂಪ. ಅವರನ್ನು ಬೈದು ಕಳಿಸುವುದಕ್ಕಿಂತ, ಎಲ್ಲಿಗೆ ಹೋಗಬಹುದು, ಏನು ಮುಟ್ಟಬಾರದು ಎಂದು ಸರಿಯಾಗಿ ಹೇಳಿ ಬರಮಾಡಿಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ನೋಡುವಂಥದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾಕಷ್ಟಿದೆ. ಭಟ್ಕಳದಲ್ಲಿ 1637–38ರ ಇಂಗ್ಲಿಷರ ಸಮಾಧಿಗಳಿವೆ. ಕರ್ಟೀನ್ ಎಂಬ ಇಂಗ್ಲಿಷ್ ವ್ಯಾಪಾರಿ ಕಂಪನಿಯ ಹಡಗುಗಳು ಕಾಳುಮೆಣಸಿಗಾಗಿ ಬಂದಾಗ ಇಲ್ಲೇ ತೀರಿಕೊಂಡ ವರ್ತಕರವು. 1638ರಲ್ಲಿ ಸತ್ತ ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯನ ಸಮಾಧಿಯೂ ಅವುಗಳಲ್ಲಿದೆ. ಕೋಲ್ಕತ್ತದ ಆ ಪ್ರಸಿದ್ಧ ಸ್ಮಶಾನಕ್ಕಿಂತ ಇವು ನೂರಿಪ್ಪತ್ತು ವರ್ಷಕ್ಕೂ ಹಳೆಯವು. ಹೊನ್ನಾವರದಲ್ಲಿ ಕರ್ನಲ್ ಹಿಲ್ ಎಂಬ ಬ್ರಿಟಿಷ್ ಅಧಿಕಾರಿಯ ಸ್ಮಾರಕ ಸ್ತಂಭವಿದೆ. ಗೇರುಸೊಪ್ಪೆಯ ಚತುರ್ಮುಖ ಬಸದಿಯ ಆಸುಪಾಸು ಮತ್ತು ಭಟ್ಕಳದ ಹತ್ತಿರದ ಹಾಡುವಳ್ಳಿ ಜೈನ ಅರಸು ಮನೆತನಗಳ ನೆಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ದೇವಸ್ಥಾನದ ಅಂಗಳದಲ್ಲಿ, ಗದ್ದೆಯ ಅಂಚಿನಲ್ಲಿ ವೀರಗಲ್ಲುಗಳು, ಸತಿ ಹೋದವರ ನೆನಪಿನ ಮಾಸ್ತಿಕಲ್ಲುಗಳು ನಿಂತಿವೆ. ಗೋವಾದಿಂದ ಬರುವವರು ದೋನಾ ಪಾವ್ಲಾದ ಬ್ರಿಟಿಷ್ ಸ್ಮಶಾನವನ್ನೂ ಇದೇ ಸುತ್ತಿನಲ್ಲಿ ಸೇರಿಸಿಕೊಳ್ಳಬಹುದು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲಿಷ್ ಪಡೆ ಗೋವಾದಲ್ಲಿ ಬೀಡುಬಿಟ್ಟಿದ್ದರ ಕುರುಹು ಅದು.

ಕಾರವಾರದ ಕಡಲತೀರದಿಂದ ಕಾಣುವ ಅಂಜುದೀವ್ ದ್ವೀಪ ಈ ಸಾಲಿನಲ್ಲಿ ಎಲ್ಲಕ್ಕಿಂತ ಘೋರವಾದದ್ದು. ಪೋರ್ಚುಗಲ್ಲಿನ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿನ ರಾಜನಿಗೆ ಸಿಕ್ಕ ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಸರ್ ಅಬ್ರಹಾಂ ಶಿಪ್‌ಮನ್ ಮತ್ತು ಅವನ ಸುಮಾರು 400 ಸೈನಿಕರಿಗೆ ಅಲ್ಲಿನ ಪೋರ್ಚುಗೀಸರು ಮುಂಬಯಿಯನ್ನು ಒಪ್ಪಿಸಲಿಲ್ಲ. ಅವರು ಅಂಜುದೀವಿನಲ್ಲಿ ಕಾಯುತ್ತ ಕೂತರು. ಜ್ವರ, ಮಳೆ, ಆಹಾರದ ಕೊರತೆಯಿಂದ ಬಹುಪಾಲು ಜನ ಅಲ್ಲೇ ಸತ್ತರು. ಶಿಪ್‌ಮನ್ನನೂ 1664ರಲ್ಲಿ ಸತ್ತ. ಉಳಿದ ಸುಮಾರು ನೂರು ಮಂದಿಯೊಂದಿಗೆ ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಮುಂಬಯಿಯನ್ನು ವಹಿಸಿಕೊಂಡ. ಅಂಜುದೀವ್ ಈಗ ನೌಕಾಪಡೆಯ ವಶದಲ್ಲಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ದೋಣಿಯವರಿಗೆ ಹೆಚ್ಚು ಹಣ ಕೊಟ್ಟು ಹೋಗಲು ನೋಡುವುದು, ತೀರದಿಂದ ಡ್ರೋನ್ ಹಾರಿಸುವುದು ಎರಡೂ ನೇರವಾಗಿ ಪೊಲೀಸ್ ಠಾಣೆಗೆ ತಲುಪಿಸುವ ದಾರಿ. ದಡದಿಂದ ದುರ್ಬೀನಿನಲ್ಲಿ ನೋಡಿ ತೃಪ್ತಿಪಡಬೇಕು.

ಬರಲು ನವೆಂಬರಿನಿಂದ ಫೆಬ್ರವರಿವರೆಗೆ ಸೂಕ್ತ ಕಾಲ. ಮಳೆಗಾಲದ ಚಿತ್ರಗಳು ಸುಂದರವಾಗಿ ಬರುತ್ತವೆ ನಿಜ. ಆದರೆ ಪಾಚಿ ಹಿಡಿದ ಚಿರೆಕಲ್ಲಿನ ಮೇಲೆ ಬೂಟು ನಿಲ್ಲುವುದಿಲ್ಲ, ಒಳಗೆ ಟೊಳ್ಳಾದ ಹಳೆಯ ಗೋರಿ ನೀರು ಕುಡಿದು ಕುಸಿಯುವುದೂ ಆಗಲೇ. ಯಾವ ಕಾಲದಲ್ಲಿ ಬಂದರೂ ಚಪ್ಪಡಿಯ ಮೇಲೆ ಹತ್ತಬಾರದು, ಎರಡು ಗೋರಿಗಳ ನಡುವಿನ ಜಾಗದಲ್ಲೇ ನಡೆಯಬೇಕು. ನಿಂತ ಕಲ್ಲನ್ನು ಗಟ್ಟಿ ಇದೆಯೇ ಎಂದು ತಳ್ಳಿ ನೋಡಲೇಬಾರದು. ಬುಡದಲ್ಲಿ ಬಿರುಕು ಬಿಟ್ಟಿದ್ದರೆ, ಒಂದು ಕಡೆ ವಾಲಿದ್ದರೆ ಅದರ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಬೇಕು.

ಅಕ್ಷರ ಓದುವ ವಿಷಯದಲ್ಲಿ ಹೆಚ್ಚಿನ ಹಾನಿ ಆಗುವುದು ಆತುರದಿಂದ. ಸವೆದ ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತಿಕ್ಕುತ್ತಾರೆ, ಹಿಟ್ಟು ಹಚ್ಚುತ್ತಾರೆ, ಶೇವಿಂಗ್ ಫೋಮ್ ಬಳಿಯುತ್ತಾರೆ. ಫೋಮಿನಲ್ಲಿರುವ ಕೊಬ್ಬಿನ ಆಮ್ಲ ಕಲ್ಲಿನ ರಂಧ್ರಗಳಲ್ಲಿ ಉಳಿದುಬಿಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಹಿಟ್ಟು ಬೂಷ್ಟನ್ನು ಕರೆಯುತ್ತದೆ. ಇದ್ಯಾವುದೂ ಬೇಕಿಲ್ಲ, ಬೇಕಾದದ್ದು ಓರೆ ಬೆಳಕು. ನೆಲಕ್ಕೆ ಹಾಸಿದ ಚಪ್ಪಡಿಯನ್ನು ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ನೋಡಬೇಕು. ಪೂರ್ವಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಬೆಳಗಿನ ಬಿಸಿಲು ನೇರ ಹೊಡೆದು ಅಕ್ಷರ ಮಸುಕಾಗುತ್ತವೆ. ನಡುಹಗಲಿಗೆ ಸ್ವಲ್ಪ ಮೊದಲು ಬಿಸಿಲು ಮೇಲಿನಿಂದ ಕಲ್ಲನ್ನು ಸವರಿಕೊಂಡು ಇಳಿಯುವಾಗ ಒಂದೊಂದು ಗೆರೆಯೂ ಎದ್ದು ಬರುತ್ತದೆ. ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ. ಅದಕ್ಕೆ ಒಂದಡಿ ಅಗಲ, ಒಂದೂವರೆ ಅಡಿ ಉದ್ದದ ಕನ್ನಡಿ ತರಬೇಕು. ಒಬ್ಬರು ಬಿಸಿಲಿನಲ್ಲಿ ನಿಂತು ಬೆಳಕನ್ನು ಕಲ್ಲಿನ ಮಗ್ಗುಲಿನಿಂದ ಹಾಯಿಸಿದರೆ ಇನ್ನೊಬ್ಬರು ಓದಬಹುದು, ಫೋಟೊ ತೆಗೆಯಬಹುದು. ಒಬ್ಬರೇ ಇದ್ದರೆ ಟಾರ್ಚನ್ನು ಕಲ್ಲಿಗೆ ಅಂಟಿದಷ್ಟು ಹತ್ತಿರ, ಬದಿಯಿಂದ ಹಿಡಿದರೂ ಸಾಕು. ಎದುರಿನಿಂದ ಹೊಡೆಯುವ ಕ್ಯಾಮೆರಾದ ಫ್ಲ್ಯಾಶ್ ಇದ್ದ ನೆರಳನ್ನೂ ಅಳಿಸುತ್ತದೆ. ಒಣಗಿದ ಪಾಚಿ ಮೆತ್ತನೆಯ ಬಣ್ಣದ ಬ್ರಷ್ಷಿಗೆ ಬಂದರೆ ಬರಲಿ, ಬಾರದಿದ್ದರೆ ಬಿಟ್ಟುಬಿಡಬೇಕು. ತಂತಿ ಬ್ರಷ್, ತೆಂಗಿನ ನಾರು, ಆ್ಯಸಿಡ್, ಬ್ಲೀಚಿಂಗ್ ಪುಡಿ ಚೀಲದಲ್ಲೂ ಇರಬಾರದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಹಂತದಲ್ಲಿ ಕಾದಾಟ. ಅಲ್ಲಿ ದನಗಳಿದ್ದರೆ ತುರುಗಾಳಗದಲ್ಲಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಒಯ್ಯುತ್ತಿರುತ್ತಾರೆ, ಮೇಲೆ ಲಿಂಗದ ಮುಂದೆ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯಚಂದ್ರರು. ಬರಹವಿದ್ದರೆ ಹೆಚ್ಚಾಗಿ ಹಂತಗಳ ನಡುವಿನ ಸಣ್ಣ ಪಟ್ಟಿಗಳ ಮೇಲೆ ಇರುತ್ತದೆ, ಕನ್ನಡಿಯ ಬೆಳಕನ್ನು ಅಲ್ಲಿಗೇ ಬಿಡಬೇಕು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿದ ಬಲಗೈ, ಒಡೆಯದ ಬಳೆ, ಹೆಬ್ಬೆರಳ ಸಂದಿನಲ್ಲಿ ನಿಂಬೆಹಣ್ಣು. ಜೈನರ ಸ್ಮಾರಕಗಲ್ಲಾದ ನಿಷಿಧಿಯಲ್ಲಿ ಸಲ್ಲೇಖನ, ಅಂದರೆ ಉಪವಾಸದಿಂದ ದೇಹ ಬಿಡುವ ವ್ರತ, ಕೈಗೊಂಡವರು ಗುರುವಿನ ಎದುರು ಕೂತಿರುತ್ತಾರೆ, ನಡುವೆ ಗ್ರಂಥದ ಪೀಠ, ಮೇಲೆ ಮುಕ್ಕೊಡೆಯ ಜಿನ. ಇವುಗಳಲ್ಲಿ ಹಲವಕ್ಕೆ ಇಂದಿಗೂ ಎಣ್ಣೆ, ಹೂವು, ಕುಂಕುಮ ಸಲ್ಲುತ್ತದೆ. ಅಂಥ ಕಡೆ ಬೂಟು ಕಳಚಿ ನಿಲ್ಲಬೇಕು, ಊರವರನ್ನು ಕೇಳದೆ ಮುಟ್ಟಬಾರದು. ಸೋದೆಯ ವಾದಿರಾಜರ ವೃಂದಾವನ, ಸದಾಶಿವಗಡದ ದರ್ಗಾ ಇವೆರಡನ್ನು ಈ ಸುತ್ತಾಟದ ಪಟ್ಟಿಗೆ ಸೇರಿಸಲೇಬಾರದು. ಭಕ್ತಿಯಿಂದ ಹೋಗುವವರಿಗೆ ಅಲ್ಲಿ ಎಂದೂ ತಡೆಯಿಲ್ಲ, ಕಪ್ಪು ಲೇಸಿನ ಕೊಡೆ ಹಿಡಿದು ಚಿತ್ರ ತೆಗೆಸಿಕೊಳ್ಳಲು ಅವು ತಾಣಗಳಲ್ಲ. ಊರಿನ ಚಿತೆಯ ಸ್ಮಶಾನಕ್ಕೂ ಇದೇ ಮಾತು. ಅಲ್ಲಿ ಇಂದು ಬೆಳಿಗ್ಗೆಯಷ್ಟೇ ತಂದೆಯನ್ನು ಸುಟ್ಟುಬಂದ ಮನೆಯವರಿರುತ್ತಾರೆ.

ಇಗರ್ಜಿಯ ಸ್ಮಶಾನಕ್ಕೆ ಹೋಗುವ ಮೊದಲು ಪಾದ್ರಿಗಳನ್ನೋ ಇಗರ್ಜಿಯ ಸಮಿತಿಯವರನ್ನೋ ಕಾಣಬೇಕು, ಖಬರಸ್ತಾನಕ್ಕೆ ಜಮಾತಿನವರನ್ನು ಕೇಳಬೇಕು. ನವೆಂಬರ್ 2 ಸತ್ತವರ ಸ್ಮರಣೆಯ ದಿನ. ಮನೆಮಂದಿ ಗೋರಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವ ಆ ದಿನ ಕ್ಯಾಮೆರಾ ಒಳಗಿರಲಿ. ಮೇಣವನ್ನು ಚಿರೆಕಲ್ಲಿನ ಮೇಲೆ ಸುರಿಸಬಾರದು. ಕಲ್ಲು ಅದನ್ನು ಹೀರಿಕೊಳ್ಳುತ್ತದೆ, ಬಿಸಿನೀರು ಹಾಕಿದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ನೆಲದ ಮೇಲೆ ಹಣತೆಯಲ್ಲಿಟ್ಟು ಹಚ್ಚಿದರೆ ತೊಂದರೆಯಿಲ್ಲ. ಲಿಪ್‌ಸ್ಟಿಕ್ ಹಚ್ಚಿದ ತುಟಿಯಿಂದ ಕಲ್ಲಿಗೆ ಮುತ್ತಿಡುವ ರೂಢಿ ಏನು ಮಾಡೀತು ಎನ್ನುವುದಕ್ಕೆ ಪ್ಯಾರಿಸಿನಲ್ಲಿರುವ ಆಸ್ಕರ್ ವೈಲ್ಡ್ ಸಮಾಧಿಯೇ ಸಾಕ್ಷಿ. ಬಣ್ಣದ ಜಿಡ್ಡು ಕಲ್ಲಿಗೆ ಇಳಿಯಿತು, ಪ್ರತಿ ಸಲ ತೊಳೆದಾಗಲೂ ಕಲ್ಲು ಸವೆಯಿತು, ಕೊನೆಗೆ 2011ರಲ್ಲಿ ಸುತ್ತ ಗಾಜಿನ ಗೋಡೆ ಕಟ್ಟಬೇಕಾಯಿತು. ಇಂಗ್ಲೆಂಡಿನ ವಿಟ್‌ಬಿಯಲ್ಲಿ ಗೋರಿಗಳ ಮೇಲೆ ಒರಗಿ ಫೋಟೊ ತೆಗೆಸಿಕೊಂಡ ಗೋಥ್‌ಗಳ ಮೇಲೆ ಊರವರೇ ಸಿಟ್ಟಾದರು. ಅಂಥ ಜಗಳ ಇಲ್ಲಿ ಆದರೆ ಕಾನೂನೂ ಸುಮ್ಮನಿರುವುದಿಲ್ಲ. ಬೇರೆಯವರ ಭಾವನೆಗೆ ನೋವಾಗುತ್ತದೆ ಎಂದು ತಿಳಿದೂ ಸಮಾಧಿ ಸ್ಥಳಕ್ಕೆ ಅತಿಕ್ರಮವಾಗಿ ನುಗ್ಗಿದರೆ ಒಂದು ವರ್ಷದವರೆಗೆ ಸಜೆ ಆಗಬಹುದು. ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿದ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಉಡುಪಿನ ಬಗ್ಗೆಯೂ ಹೇಳಬೇಕು. ಕರಾವಳಿಯ ಸೆಕೆಯಲ್ಲಿ ವೆಲ್ವೆಟ್, ಚರ್ಮದ ಕೋಟು ತೊಟ್ಟರೆ ಹತ್ತು ಗಂಟೆಗೇ ತಲೆ ಸುತ್ತುತ್ತದೆ. ಕಪ್ಪೇ ಬೇಕೆಂದರೆ ಸಡಿಲವಾದ ತೆಳು ಹತ್ತಿ ಬಟ್ಟೆ ಇರಲಿ, ತಲೆಗೊಂದಕ್ಕೆ ಎರಡು ಲೀಟರ್ ನೀರಿರಲಿ. ಇವರು ತೊಡುವ ಎತ್ತರದ ಬೂಟು ಮಾತ್ರ ನಮ್ಮ ನೆಲಕ್ಕೆ ಹೇಳಿ ಮಾಡಿಸಿದ್ದು, ಒಣ ಎಲೆಯಲ್ಲಿ ಕೊಳಕುಮಂಡಲ ಮಲಗಿದ್ದರೆ ಕಾಣುವುದೇ ಇಲ್ಲ. ಆದರೆ ಗೇರುಸೊಪ್ಪೆ, ಸಿದ್ದಾಪುರ, ಶಿರಸಿಯ ಕಾಡಂಚಿನ ಕಲ್ಲುಗಳಿಗೆ ಹೋಗುವ ದಿನ ಕಪ್ಪನ್ನು ಬಿಡಲೇಬೇಕು. ಮಂಗನ ಕಾಯಿಲೆ ಹರಡುವ ಉಣುಗುಗಳು ಡಿಸೆಂಬರಿನಿಂದ ಮೇವರೆಗೆ ಹೆಚ್ಚು, ಅಂದರೆ ಪ್ರವಾಸದ ಕಾಲದಲ್ಲೇ. ಎಳ್ಳಿಗಿಂತ ಚಿಕ್ಕದಾದ ಎಳೆಯ ಉಣುಗು ಬಿಳಿ ಪಂಚೆಯ ಮೇಲೆ ಕಂಡೀತು, ಕಪ್ಪು ಬಟ್ಟೆಯ ಮೇಲೆ ಕಾಣದು. ತಿಳಿ ಬಣ್ಣದ ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರಬಾರದು, ಮಂಗ ಸತ್ತ ಸುದ್ದಿಯಿರುವ ಕಡೆ ಕಾಲಿಡಬಾರದು. ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮೂರರಿಂದ ಎಂಟು ದಿನದಲ್ಲಿ ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಬೇಕು. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಇಷ್ಟೆಲ್ಲ ನಿಯಮ ಹೊರಗಿನವರಿಗೆ. ಆದರೆ ಹಳೆಯ ಗೋರಿಗಳನ್ನು ಹೆಚ್ಚು ಕೆಡಿಸುತ್ತಿರುವುದು ನಮ್ಮವರೇ, ಅದೂ ದುರಸ್ತಿಯ ಹೆಸರಿನಲ್ಲಿ. ಚಿರೆಕಲ್ಲು ಮತ್ತು ಸುಣ್ಣದ ಗಾರೆ ಎರಡೂ ನೀರು ಕುಡಿದು ನೀರು ಬಿಡುವ ವಸ್ತುಗಳು. ಅವುಗಳ ಮೇಲೆ ಸಿಮೆಂಟ್ ಬಳಿದರೆ ನೆಲದಿಂದ ಏರಿದ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ಕಡಲ ಗಾಳಿಯ ಉಪ್ಪು ಒಳಗೇ ಹರಳುಗಟ್ಟುತ್ತದೆ, ಹಿಂದಿನ ಗಾರೆ ಪುಡಿಯಾಗುತ್ತದೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಪದರ ಹಪ್ಪಳೆಯಾಗಿ ಬೀಳುವಾಗ ಕೆತ್ತಿದ ಅಕ್ಷರವನ್ನೂ ಜೊತೆಗೆ ಒಯ್ಯುತ್ತದೆ. ಎಣ್ಣೆಬಣ್ಣ ಹೊಡೆದರೂ ಇದೇ ಕಥೆ. ದುರಸ್ತಿ ಬೇಕೆಂದರೆ ವಾರಗಟ್ಟಲೆ ನೀರಿನಲ್ಲಿ ಕೊಳೆಸಿದ ಚಿಪ್ಪಿನ ಸುಣ್ಣ ಒಂದು ಪಾಲು, ಜರಡಿ ಹಿಡಿದ ಹೊಳೆಮರಳು ಮೂರು ಪಾಲು ಕಲಸಬೇಕು. ಕಡಲತೀರದ ಮರಳು ಬೇಡ, ಅದರ ಉಪ್ಪು ಮತ್ತೆ ಅದೇ ಕೆಲಸ ಮಾಡುತ್ತದೆ. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವುದರಿಂದ ಒದ್ದೆ ಗೋಣಿತಾಟು ಹೊದೆಸಿ ಕಡಿಮೆಯೆಂದರೆ ಒಂದು ವಾರ ನೆರಳಿನಲ್ಲಿಡಬೇಕು. ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತದೆ. ಕಲ್ಲುಗಳನ್ನು ಕೂಡಿಸುವ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬಿದರೆ ಕಲ್ಲೇ ಸೀಳುತ್ತದೆ, ಅದಕ್ಕೆ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಬೇಕು. ಸಂದಿಯಲ್ಲಿ ಹುಟ್ಟಿದ ಅಶ್ವತ್ಥ, ಆಲದ ಗಿಡವನ್ನು ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದ ಹಾಗೆಲ್ಲ ಮತ್ತೆ ಕತ್ತರಿಸುತ್ತಿದ್ದರೆ ಬೇರು ಸೊರಗುತ್ತದೆ.

ಲಂಡನ್ನಿನ ಹೈಗೇಟ್ ಕೂಡ ಒಮ್ಮೆ ಹೀಗೇ ಪಾಳುಬಿದ್ದಿತ್ತು. 1975ರಲ್ಲಿ ಆಸಕ್ತರ ಸಂಘವೊಂದು ಹುಟ್ಟಿತು, ಈಗ ಪ್ರವೇಶಶುಲ್ಕದ ಹಣ ಸ್ಮಶಾನದ ನಿರ್ವಹಣೆಗೇ ಹೋಗುತ್ತದೆ. ನಮ್ಮಲ್ಲಿ ಟಿಕೆಟ್ ಬೇಡ. ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆಗೆ ನಮ್ಮ ಕೋರಿಕೆ ಚಿಕ್ಕದು. ಭಟ್ಕಳದ ಇಂಗ್ಲಿಷ್ ಸಮಾಧಿಗಳಿಗೆ ಹೆದ್ದಾರಿಯಿಂದ ದಾರಿ ತೋರುವ ಒಂದು ಫಲಕ, ಅಲ್ಲೇ ಕನ್ನಡದಲ್ಲಿ ಆ ಕಲ್ಲುಗಳ ಮೇಲಿರುವ ಬರಹದ ಪೂರ್ಣ ಪಾಠ. ಪ್ರತಿ ಹಳೆಯ ಸ್ಮಶಾನದ ಕೀಲಿ ಯಾರ ಹತ್ತಿರ ಇದೆ, ಯಾವ ಹೊತ್ತಿಗೆ ಸಿಗುತ್ತದೆ ಎಂದು ಪಾಗಾರದ ಗೇಟಿನ ಮೇಲೆ ಬರೆದಿರಲಿ. ಒಳಗೆ ಒಂದು ವಹಿ ಇಟ್ಟು ಬಂದವರ ಹೆಸರು, ವೇಳೆ ಬರೆಸಿಕೊಂಡರೆ ಮಾಟದ ಅನುಮಾನಕ್ಕೂ ನಿಧಿಗಳ್ಳರ ಭಯಕ್ಕೂ ಒಟ್ಟಿಗೇ ಉತ್ತರ ಸಿಗುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ಕಲ್ಲಿನ ಓರೆ ಬೆಳಕಿನ ಫೋಟೊ ತೆಗೆಸಿ ತಾಲ್ಲೂಕು ಗ್ರಂಥಾಲಯದಲ್ಲಿ ಇಡಿಸಿ. ಅಲ್ಲಿಯವರೆಗೆ ಯಾವ ಗುತ್ತಿಗೆದಾರನೂ ಸಿಮೆಂಟಿನ ಚೀಲದೊಂದಿಗೆ ಒಳಗೆ ಹೋಗದಂತೆ ಲಿಖಿತ ಆದೇಶ ಹೊರಡಿಸಿ.

— ಹಳೆಯ ಸಮಾಧಿಗಳ ಆಸಕ್ತ ಓದುಗರು, ಕಾರವಾರ