ದೊಡ್ಡಹುಣಸೆ ಮರದ ಪದಕದ ಸಲುವಾಗಿ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಶಿಗ್ಗಾವಿ-ಸವಣೂರು ಕ್ಷೇತ್ರದ ಮಾನ್ಯ ಶಾಸಕರಿಗೆ ಶರಣು ಶರಣಾರ್ಥಿ.

ಸಾಹೇಬ್ರ, ನಾ ಸವಣೂರಾಗ ಪತ್ತಾರಕಿ, ಅಂದ್ರ ಬೆಳ್ಳಿ-ಬಂಗಾರದ ಕೆಲಸ, ಮಾಡಾಂವ. 2023ರ ಜುಲೈ ಮಳಿಗೆ ದೊಡ್ಡಹುಣಸೆ ಕಲ್ಮಠದ ಮೂರು ಮರದಾಗ ಒಂದು ಬೇರುಸಮೇತ ಉರುಳಿ ಬಿತ್ತಲ್ಲ, ಎತ್ತಿ ಮತ್ತ ನೆಡೋ ಪ್ರಯತ್ನನೂ ಆತು, ಆದ್ರ ಮೂರೂ ಕೂಡಿ ಆಕಾಶಕ್ಕ ಕೈ ಚಾಚಿ ನಿಂತಿದ್ದ ಆ ಹಳೇ ನೋಟ ಹೋತ್ರಿ. ಹತ್ತು ಮಂದಿ ಕೈಕೈ ಹಿಡಕೊಂಡ್ರ ತೆಕ್ಕಿಗೆ ಬರೋವಂಥಾ ಬೊಡ್ಡಿ, ನಾವು ದೊಡ್ಡಹುಣಸಿ ಅನ್ನೋ ಆಫ್ರಿಕಾ ಮೂಲದ ಬಾವೊಬಾಬ್, ಹೊರಗಿನವರಿಗೆ ಸವಣೂರು ಅಂದ್ರ ಖಾರಾ, ವೀಳ್ಯದೆಲಿ, ಆಮ್ಯಾಲ ಈ ಮರಗಳು.

ಅದಕ್ಕ ನಾ ಮೂರೂ ಮರದ ಒಂದು ಬೆಳ್ಳಿ ಪದಕ ಮಾಡೀನಿ. ಟೊಂಗಿಗೆ ಸಣ್ಣ ತಂತಿ, ಬೊಡ್ಡಿಗೆ ತಗಡು, ಆನಿ ಚರ್ಮದಂಗ ಇರೋ ಆ ಸುಕ್ಕು ಮಾತ್ರ ಉಳಿಯಿಂದ ಒಂದೊಂದ ಗೆರಿ ಹೊಡದ ತರಬೇಕು, ಬಿಳಿಗಾರ ಹಚ್ಚಿ ಬೆಸಿಗಿ ಹಾಕೋವಾಗ ಕಾವು ಸ್ವಲ್ಪ ಜಾಸ್ತಿ ಆದ್ರ ಬೆಸಿಗಿ ಹರದು ಗೆರಿ ಎಲ್ಲಾ ತುಂಬಿಬಿಡ್ತಾವು. ಬಿದ್ದ ಮರದ್ದು ಬೇರು ಕಾಣೋಹಂಗ ಮಲಗಿಸಿಯೇ ಮಾಡೀನಿ, ಯಾಕಂದ್ರ ಅದೂ ನಮ್ಮೂರ ಕಥಿನ.

ಇಂಗ್ಲೆಂಡಿನಾಗ ರೋಮನ್ನರ ಕಾಲದ ಹೇಡ್ರಿಯನ್ ಗೋಡಿ ಹತ್ರದ ಸಿಕಮೋರ್ ಮರ ಅದೇ ವರ್ಷ ಸೆಪ್ಟೆಂಬರ್‌ನಾಗ ಯಾರೋ ಕಡದ ಹಾಕಿದ ಮ್ಯಾಲ ಅಲ್ಲಿ ಮಂದಿ ಅದರ ಆಕಾರದ ಬೆಳ್ಳಿ ಪದಕ ಕೊಳ್ಳಾಗ ಹಾಕ್ಕೊಳ್ತಾರ. ನಮ್ಮ ಮರಕ್ಕ ನಾವು ಇಷ್ಟರ ಮಾಡಬ್ಯಾಡ?

ನಾ ಕೇಳೋದು ರೊಕ್ಕ ಅಲ್ರಿ. ಮಠದವರ ಜೋಡಿ, ಅರಣ್ಯ ಇಲಾಖೆ ಜೋಡಿ ನೀವು ಒಂದ ಮಾತಾಡಿ ಮರ ನೋಡಾಕ ಬರೋರ ಕಣ್ಣಿಗೆ ಬೀಳೋ ಜಾಗದಾಗ ನಮ್ಮ ತಾಲೂಕಿನ ಪತ್ತಾರರಿಗೆ ಒಂದು ಟೇಬಲ್ ಇಡಾಕ ಪರ್ಮಿಷನ್ ಕೊಡಿಸ್ರಿ, ಉದುರಿದ ಒಣ ಕಾಯಿ ಚಿಪ್ಪು ನಮಗ ಸಿಗೋಹಂಗ ಮಾಡ್ರಿ, ಭಾಳ ಗಟ್ಟಿ ಇರ್ತಾವು, ಬೆಳ್ಳಿ ಕಟ್ಟು ಹಾಕಿ ಕಿವಿಯೋಲಿ ಮಾಡಬಹುದು, ಹೆಣ್ಮಕ್ಕಳು ಖುಷಿಲೆ ಹಾಕ್ಕೊಳ್ತಾರ. ಮಾರಿದ್ದರಾಗ ಒಂದು ಪಾಲು ಮರದ ಆರೈಕಿಗೆ ಹೋಗ್ಲಿ, ಮಳಿಗಾಲದಾಗ ಬೇರಿನ ಹತ್ರ ನೀರು ನಿಲ್ಲದಂಗ ಮೊದಲ ಅದಕ್ಕ ಖರ್ಚಾಗ್ಲಿ, ಲೆಕ್ಕ ಬೋರ್ಡಿನ ಮ್ಯಾಲ ಬರೀತೀವಿ.

ಇನ್ನೊಂದು ಮಾತು, ಸ್ಮರಣಿಕಿ ಅಂತ ಟೆಂಡರ್ ಕರದು ಹೊರಗಿಂದ ಮಷಿನ್ ಕಾಸ್ಟಿಂಗ್ ಮಾಲು ತರಿಸಬ್ಯಾಡ್ರಿ. ಈ ಮರದ ನೆರಳಾಗ ಆಡಿ ಬೆಳದವ್ರು ಇನ್ನೂ ಉಳಿ ಹಿಡದು ಕುಂತೀವಿ. ಒಂದಿನ ಬಿಡುವು ಮಾಡ್ಕೊಂಡು ಕರೀರಿ, ಪದಕ ತಗೊಂಡ ಬರ್ತೀನಿ.

ಇಂತಿ ನಿಮ್ಮ ಕ್ಷೇತ್ರದ ಒಬ್ಬ ಪತ್ತಾರ, ಸವಣೂರು