ಭಾನುವಾರದ ಭೇಟಿ: ಹಳೇ ಸಾಮಾನು ತನ್ನಿ

ಎಲ್ಲರಿಗೂ ನಮಸ್ಕಾರ.

ನಮ್ಮ ಬ್ಯಾಚ್ ಬರುವ ಭಾನುವಾರ ಬೆಳಗ್ಗೆ 7:30ಕ್ಕೆ ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಸೇರುತ್ತಿದೆ. ಮಕ್ಕಳನ್ನೂ ಕರೆತನ್ನಿ.

ಹೋದ ವಾರ ನನ್ನ ಮಗಳು "ಅಪ್ಪ, ನೀನು ಜೆನ್ ಎಕ್ಸಾ, ಮಿಲೇನಿಯಲ್ಲಾ?" ಅಂದಳು. 1965ರಿಂದ 1980ರೊಳಗೆ ಹುಟ್ಟಿದವರು ಜೆನ್ ಎಕ್ಸ್, 1981ರಿಂದ ಹುಟ್ಟಿದವರು ಮಿಲೇನಿಯಲ್ ಅಂತೆ. ನಮ್ಮಲ್ಲಿ ಅರ್ಧ ಜನ 80, ಇನ್ನರ್ಧ 81. ಒಂದೇ ಬೆಂಚಿನಲ್ಲಿ ಕೂತವರು ಎರಡು ತಲೆಮಾರಾದೆವು, ನೋಡಿ!

ಅದಕ್ಕೇ ಒಬ್ಬೊಬ್ಬರೂ ಒಂದು ಹಳೇ ವಸ್ತು ತನ್ನಿ. ಪೇಜರ್, ಫ್ಲಾಪಿ, ಕ್ಯಾಸೆಟ್, ಏನಾದರೂ ಸರಿ. ನಾನು ಒಂದು ಎಸ್‌ಟಿಡಿ ಬಿಲ್, ಅಂದರೆ ಬೇರೆ ಊರಿಗೆ ಮಾಡಿದ ಫೋನಿನ ಬಿಲ್, ತರುತ್ತೇನೆ. ರಾತ್ರಿ 11ರ ನಂತರ ಕಾಲು ದರ ಅಂತ ಬೂತ್ ಮುಂದೆ ಕ್ಯೂ ನಿಂತು, ಮಾತಾಡುವಾಗ ಮೀಟರಿನ ಕೆಂಪು ಅಂಕಿಯನ್ನೇ ನೋಡುತ್ತಿದ್ದದ್ದು ನೆನಪಿದೆ ಅಲ್ವಾ? 2003ರಲ್ಲಿ ಇನ್‌ಕಮಿಂಗ್ ಫ್ರೀ ಆಗುವವರೆಗೆ ಮೊಬೈಲ್ ರಿಂಗಾದರೂ ಎತ್ತಲು ಭಯ. ಮಕ್ಕಳಿಗೆ ಇದು ಸುಮ್ನೆ ಹೇಳಿದರೆ ನಂಬಲ್ಲ.

ಯಾರ ಮನೆಯಲ್ಲಾದರೂ ಓಡುವ ಟೇಪ್ ರೆಕಾರ್ಡರ್ ಇದ್ದರೆ ತಿಳಿಸಿ. ಸೆಲ್ ನಾನು ತರುತ್ತೇನೆ. ಪೆನ್ಸಿಲ್ ಮರೆಯಬೇಡಿ, ಸಡಿಲವಾದ ಕ್ಯಾಸೆಟ್ ಟೇಪ್ ಸುತ್ತಲು ಬೇಕು ಅಂತ ನಿಮಗೇ ಗೊತ್ತು.

ಮೆಟ್ರೋದಲ್ಲಿ ಬನ್ನಿ, ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣ. ತಿಂಡಿ ಪಾರ್ಕಿನೊಳಗೆ ಬೇಡ, ಆಮೇಲೆ ಹೊರಗೆ ದೋಸೆ ತಿನ್ನೋಣ.

ಎಷ್ಟು ಜನ ಬರುತ್ತೀರಿ, ಏನು ತರುತ್ತೀರಿ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆಟ್ಟು ಒತ್ತಿದರೆ ಲೆಕ್ಕಕ್ಕಿಲ್ಲ.