ಪಾಠ ಇದೆ, ಹುಡುಕಿದರೆ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ನಾನು ಆರು ಮತ್ತು ಏಳನೇ ತರಗತಿಗೆ ಗಣಿತ ಹೇಳಿಕೊಡುವ ಶಿಕ್ಷಕಿ. ಹೋದ ತಿಂಗಳು ನನ್ನ ತರಗತಿಯ ಒಬ್ಬಳು ಹುಡುಗಿ ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ. ಅದಕ್ಕೇ ಈ ಪತ್ರ.

ಭಿನ್ನರಾಶಿ ಪಾಠ ಮುಗಿದಿತ್ತು. ಛೇದ ಬೇರೆ ಬೇರೆ ಇದ್ದಾಗ ಕೂಡುವುದು ಅವಳಿಗೆ ಬಗೆಹರಿದಿರಲಿಲ್ಲ. ಆನ್‌ಲೈನ್ ಕಲಿಕಾ ಗ್ರಂಥಾಲಯದಲ್ಲಿ ಇದರ ವಿಡಿಯೊ ಇದೆ, ಮನೆಯಲ್ಲಿ ನಿಧಾನವಾಗಿ ನೋಡು ಎಂದಿದ್ದೆ. ಮರುದಿನ ಬಂದು, "ಕನ್ನಡದಲ್ಲಿ ಇಲ್ಲ ಮಿಸ್" ಅಂದಳು.

ಇಲ್ಲ ಅನ್ನಲು ಸಾಧ್ಯವೇ ಇರಲಿಲ್ಲ. ಆ ವಿಡಿಯೊ ಮಾಡಿದ್ದು ನಾನೇ. ಇಬ್ಬರು ಸಹೋದ್ಯೋಗಿಗಳ ಜೊತೆ ಕೂತು, ಒಂದೊಂದು ಲೆಕ್ಕವನ್ನೂ ಮೂರು ಸಲ ರೆಕಾರ್ಡ್ ಮಾಡಿ, ಆ ಗ್ರಂಥಾಲಯಕ್ಕೆ ಸೇರಿಸಿದ್ದೆವು. ಅವಳ ಪಕ್ಕದಲ್ಲೇ ಕೂತು, ಏನು ಬರೆದು ಹುಡುಕಿದೆ ತೋರಿಸು ಅಂದೆ. "ಭಿನ್ನರಾಶಿಗಳನ್ನು ಕೂಡುವುದು ಹೇಗೆ" ಎಂದು ಟೈಪ್ ಮಾಡಿದಳು. "ಯಾವುದೇ ಫಲಿತಾಂಶ ಇಲ್ಲ" ಎಂದು ಬಂತು. ನಮ್ಮ ವಿಡಿಯೊ ಹೆಸರು "ಭಿನ್ನರಾಶಿಗಳ ಸಂಕಲನ, ಭಾಗ 2". ಅವಳು ಬರೆದ ಮೂರು ಪದಗಳಲ್ಲಿ ಒಂದೂ ಇದರಲ್ಲಿ ಇಲ್ಲ. ಅವಳು ಕೇಳಿದ್ದಕ್ಕೆ ಸರಿಯಾದ ಉತ್ತರ ಆ ವಿಡಿಯೊದಲ್ಲೇ ಇತ್ತು. ಆದರೂ ಇಬ್ಬರಿಗೂ ಭೇಟಿಯಾಗಲಿಲ್ಲ.

ಮಗು ಇದರಿಂದ ಏನು ಅರ್ಥ ಮಾಡಿಕೊಂಡಿತು ನೋಡಿ. ಹುಡುಕಿದ ರೀತಿ ತಪ್ಪಿರಬಹುದು ಎಂದುಕೊಳ್ಳಲಿಲ್ಲ. ಕನ್ನಡದಲ್ಲಿ ಇಂಥದ್ದು ಇರುವುದೇ ಇಲ್ಲ ಎಂದುಕೊಂಡಿತು. ನನ್ನ ನೋವು ಇದೇ. ಕಲಿಕೆಯ ಸಾಮಗ್ರಿ ಸಾಲದು ಎಂದು ನಾವು ಹೇಳುತ್ತಲೇ ಇರುತ್ತೇವೆ. ಇರುವುದನ್ನು ಕೈಗೆ ಸಿಗುವ ಹಾಗೆ ಮಾಡುವ ಕೆಲಸವನ್ನು ಮಾತ್ರ ಯಾರೂ ಕೆಲಸ ಎಂದೇ ಎಣಿಸುತ್ತಿಲ್ಲ.

ಆಮೇಲೆ ಕೆಲವು ವಾರ ಇದನ್ನೇ ಹಿಡಿದು ಕೂತೆ. ಸರಳವಾದ ಹುಡುಕಾಟ ಯಂತ್ರ ಅರ್ಥ ನೋಡುವುದಿಲ್ಲ, ಅಕ್ಷರ ನೋಡುತ್ತದೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿದೆ ಎಂದು, ಹಾಗೆಯೇ ಯಾವ ಪದ ಯಾವ ಪಾಠದಲ್ಲಿದೆ ಎಂಬ ಪಟ್ಟಿಯನ್ನು ಅದು ಇಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿ "ಭಿನ್ನರಾಶಿಗಳ" ಎಂದಿದ್ದು, ನಾವು "ಭಿನ್ನರಾಶಿಗಳನ್ನು" ಎಂದು ಕೇಳಿದರೆ ಅದಕ್ಕೆ ಅವು ಎರಡು ಬೇರೆ ಪದಗಳು.

ಇಂಗ್ಲಿಷಿಗೆ ಈ ತೊಂದರೆ ಕಡಿಮೆ. ಆ ಭಾಷೆಯಲ್ಲಿ ಪದದ ಬಾಲ ಕತ್ತರಿಸಿ ಬುಡ ಉಳಿಸುವ ಒಂದು ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಮಾರ್ಟಿನ್ ಪೋರ್ಟರ್ 1980ರಲ್ಲೇ ಪ್ರಕಟಿಸಿದರು. ಕನೆಕ್ಟೆಡ್, ಕನೆಕ್ಟಿಂಗ್, ಕನೆಕ್ಷನ್ ಎಲ್ಲವೂ ಅದರಲ್ಲಿ ಕನೆಕ್ಟ್ ಆಗುತ್ತವೆ. ಕನ್ನಡದಲ್ಲಿ ಬಾಲಗಳು ತುಂಬಾ ಜಾಸ್ತಿ. ಮರ, ಮರದ, ಮರಕ್ಕೆ, ಮರಗಳಲ್ಲಿ, ಮರಗಳಿಂದಲೂ. ಕೆಲವು ಕಡೆ ಬುಡವೇ ಬದಲಾಗುತ್ತದೆ. ಬೀಳು ಎಂಬುದು ಬಿದ್ದ ಆಗುತ್ತದೆ. ಹಾಗಂತ ಇದು ಆಗದ ಕೆಲಸವಲ್ಲ. ವಿಭಕ್ತಿ ಪ್ರತ್ಯಯಗಳನ್ನು ನಾವು ಶಾಲೆಯಲ್ಲೇ ಕಲಿಯುತ್ತೇವೆ. ಅದನ್ನು ಯಂತ್ರಕ್ಕೂ ಕಲಿಸಬೇಕು, ಅಷ್ಟೇ.

ಕಾಗುಣಿತದ ಕಥೆ ಇನ್ನೂ ಉದ್ದ. ಪೈಥಾಗರಸ್, ಪೈಥಾಗೊರಸ್, ಪೈಥಾಗೋರಸ್, ಪೈತಾಗೊರಸ್: ನಾಲ್ಕನ್ನೂ ನಾನು ಪಾಠಗಳಲ್ಲೇ ನೋಡಿದ್ದೇನೆ. ಒಬ್ಬೊಬ್ಬ ಶಿಕ್ಷಕರದು ಒಂದೊಂದು ರೂಢಿ, ಯಾರದನ್ನೂ ತಪ್ಪು ಅನ್ನಲು ಬರುವುದಿಲ್ಲ. ಒಂದು ಪದ ಇನ್ನೊಂದು ಪದವಾಗಲು ಎಷ್ಟು ಅಕ್ಷರ ಬದಲಾಗಬೇಕು ಎಂದು ಎಣಿಸುವ ಲೆಕ್ಕವನ್ನು ಲೆವೆನ್‌ಶ್ಟೈನ್ ಎಂಬ ಗಣಿತಜ್ಞ 1965ರಲ್ಲೇ ಕೊಟ್ಟಿದ್ದಾರೆ. ಒಂದೆರಡು ಅಕ್ಷರದ ವ್ಯತ್ಯಾಸವಿದ್ದರೆ "ನೀವು ಕೇಳಿದ್ದು ಇದೇನಾ?" ಎಂದು ತೋರಿಸಲು ಅಷ್ಟು ಸಾಕು. ನಮ್ಮ ಗ್ರಂಥಾಲಯದಲ್ಲಿ ಅದೂ ಇಲ್ಲ.

ನನಗೆ ಜಾಸ್ತಿ ಬೇಸರ ತಂದಿದ್ದು ಲ.ಸಾ.ಅ. ಗಣಿತ ಕಲಿತ ಎಲ್ಲರಿಗೂ ಗೊತ್ತಿರುವ ಪದ. ಚುಕ್ಕಿ ಬಿಟ್ಟು "ಲಸಾಅ" ಎಂದು ಹುಡುಕಿದರೆ ಒಂದೂ ಬರಲಿಲ್ಲ. ಚುಕ್ಕಿ ಇಟ್ಟು ಹುಡುಕಿದಾಗ ಹನ್ನೊಂದು ಪಾಠ ಬಂದವು. "ಲಘುತಮ ಸಾಮಾನ್ಯ ಅಪವರ್ತ್ಯ" ಎಂದು ಪೂರ್ತಿ ಬರೆದಾಗ ಬೇರೆಯೇ ಆರು. ಫೋನಿನಲ್ಲಿ ಟೈಪ್ ಮಾಡುವ ಯಾವ ಮಗು ಚುಕ್ಕಿ ಹಾಕುತ್ತದೆ ಹೇಳಿ. ವರ್ಗಮೂಲದ್ದೂ ಇದೇ ಪಾಡು. ಕೂಡಿಸಿ ಬರೆದವರ ಪಾಠ ಬೇರೆ, ಬಿಡಿಸಿ "ವರ್ಗ ಮೂಲ" ಎಂದು ಬರೆದವರ ಪಾಠ ಬೇರೆ.

ಕಣ್ಣಿಗೆ ಕಾಣದ ತೊಡಕೂ ಇದೆ. "ಬಾರ್‌ಗ್ರಾಫ್" ಎಂದು ಬರೆಯುವಾಗ ಅರ್ಕಾವತ್ತು ಬರದಿರಲಿ ಎಂದು ನಡುವೆ ಒಂದು ಗುರುತು ಹಾಕುತ್ತೇವೆ. ಅದು ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಯಂತ್ರ ಅದನ್ನೂ ಒಂದು ಅಕ್ಷರ ಎಂದೇ ಎಣಿಸುತ್ತದೆ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿ ಯೂನಿಕೋಡ್. ಅದರಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ಪಟ್ಟಿ ಮಾಡುವ ಮುಂಚೆ ಇವನ್ನೆಲ್ಲ ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ. ಕಾಣದ ಗುರುತನ್ನು ತೆಗೆದುಹಾಕುವುದಂತೂ ಸಣ್ಣ ಕೆಲಸ.

ಯೂನಿಕೋಡ್‌ಗೂ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ನೋಟ್ಸ್‌ಗಳಂತೂ ಪೂರ್ತಿ ಕತ್ತಲೆಯಲ್ಲಿವೆ. ಪಿಡಿಎಫ್ ತೆರೆದರೆ ಚೆಂದದ ಕನ್ನಡ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯಂತ್ರ ಓದುವುದು ಆ ಕಲಸುಮೇಲೋಗರವನ್ನೇ. ಸ್ಕ್ಯಾನ್ ಮಾಡಿ ಹಾಕಿದ ಪುಟಗಳಾದರೆ ಅದಕ್ಕೆ ಬರೀ ಚಿತ್ರ. ಹಿರಿಯ ಶಿಕ್ಷಕರು ವರ್ಷಗಟ್ಟಲೆ ಮಾಡಿದ ಒಳ್ಳೆಯ ಟಿಪ್ಪಣಿಗಳು ಹೀಗೆ ಕೂತಿವೆ.

ಇದೆಲ್ಲ ಸರಿಯಾಗುವ ತನಕ ಮಕ್ಕಳು ಕಾಯಲು ಆಗುವುದಿಲ್ಲ ಅಲ್ವಾ? ಅದಕ್ಕೆ ನನ್ನ ತರಗತಿಯಲ್ಲಿ ಒಂದು ಗಂಟೆ ಹುಡುಕುವುದನ್ನೇ ಪಾಠವಾಗಿ ಮಾಡಿದೆ. ಪೂರ್ತಿ ಪ್ರಶ್ನೆ ಬರೆಯಬೇಡಿ, ಹೆಸರುಪದ ಬರೆಯಿರಿ. ಬಾಲ ತೆಗೆಯಿರಿ. ಭಿನ್ನರಾಶಿಗಳನ್ನು ಅಲ್ಲ, ಭಿನ್ನರಾಶಿ. ಪಾಠ, ವಿಡಿಯೊ, ಗಣಿತ ಇಂಥ ಪದ ಸೇರಿಸಿ ಲಾಭವಿಲ್ಲ, ಅವು ಎಲ್ಲದರಲ್ಲೂ ಇರುತ್ತವೆ. ಕಡಿಮೆ ಪಾಠಗಳಲ್ಲಿ ಕಾಣುವ ಪದಕ್ಕೆ ಹೆಚ್ಚು ಬೆಲೆ ಎಂಬುದನ್ನು ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಲೆಕ್ಕದ ರೂಪದಲ್ಲಿ ಕೊಟ್ಟರು, ಹುಡುಕಾಟ ಯಂತ್ರಗಳು ಇವತ್ತಿಗೂ ಅದನ್ನು ಬಳಸುತ್ತವೆ. ಹಾಗಾಗಿ "ಭಿನ್ನರಾಶಿ ಛೇದ" ಎಂದು ಬರೆದರೆ ಸಾಕು. ಸಿಗದಿದ್ದರೆ ಅದೇ ವಿಷಯಕ್ಕೆ ಪಠ್ಯಪುಸ್ತಕ ಯಾವ ಪದ ಇಟ್ಟಿದೆ ಎಂದು ಅಧ್ಯಾಯದ ತಲೆಬರಹ ನೋಡಿ. ಕೂಡುವುದಕ್ಕೆ ಸಂಕಲನ, ಕಳೆಯುವುದಕ್ಕೆ ವ್ಯವಕಲನ. ಆಗಲೂ ಇಲ್ಲವಾದರೆ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಲಿಪಿಯಲ್ಲಿ ಒಮ್ಮೆ ಹಾಕಿ.

ಫಿಲ್ಟರ್‌ಗಳ ವಿಷಯ ಪೋಷಕರೂ ಗಮನಿಸಬೇಕು. ತರಗತಿ, ವಿಷಯ, ಭಾಷೆ, ಬಗೆ ಎಲ್ಲವನ್ನೂ ಮೊದಲೇ ಆರಿಸಿಬಿಟ್ಟರೆ ಒಳ್ಳೆಯ ಪಾಠಗಳು ಹೊರಗೆ ಉಳಿಯುತ್ತವೆ. ಕನ್ನಡದಲ್ಲೇ ಇರುವ ಪಾಠಕ್ಕೆ ಭಾಷೆ ಇಂಗ್ಲಿಷ್ ಎಂದು ತುಂಬಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಫಾರ್ಮ್‌ನಲ್ಲಿ ಮೊದಲೇ ಇದ್ದದ್ದನ್ನು ಯಾರೂ ಬದಲಿಸಿರುವುದಿಲ್ಲ. ಮೊದಲು ವಿಷಯ ಒಂದನ್ನೇ ಇಟ್ಟು ಹುಡುಕಿ, ಫಲಿತಾಂಶ ಜಾಸ್ತಿ ಬಂದರೆ ಒಂದೊಂದಾಗಿ ಸೇರಿಸಿ.

ಇನ್ನು ನನ್ನ ಹಾಗೆ ಪಾಠ ಸೇರಿಸುವ ಶಿಕ್ಷಕರಿಗೆ ಒಂದು ಮಾತು. ವಿಡಿಯೊ ಮಾಡಲು ಮೂರು ದಿನ ಕೊಡುತ್ತೇವೆ, ವಿವರ ತುಂಬಲು ಮೂರು ನಿಮಿಷವನ್ನೂ ಕೊಡುವುದಿಲ್ಲ. "ಅಧ್ಯಾಯ 3 ಭಾಗ 2" ಎಂಬ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಡಿಜಿಟಲ್ ಸಾಮಗ್ರಿಗೆ ಏನೇನು ವಿವರ ಬೇಕು ಎಂಬುದಕ್ಕೆ 1995ರಲ್ಲಿ ಶುರುವಾದ ಡಬ್ಲಿನ್ ಕೋರ್ ಎಂಬ ಒಂದು ಒಪ್ಪಿತ ಪಟ್ಟಿ ಇದೆ. ಅದರಲ್ಲಿ 15 ಅಂಶಗಳು. ಶೀರ್ಷಿಕೆ, ವಿಷಯ, ವಿವರಣೆ, ಭಾಷೆ ಈ ನಾಲ್ಕನ್ನಾದರೂ ಸರಿಯಾಗಿ ತುಂಬೋಣ. ವಿವರಣೆಯಲ್ಲಿ ಪಠ್ಯಪುಸ್ತಕದ ಪದವೂ ಇರಲಿ, ಮಕ್ಕಳ ಬಾಯಲ್ಲಿ ಬರುವ ಪದವೂ ಇರಲಿ. ನಾನು ನಮ್ಮ ವಿಡಿಯೊ ಹೆಸರನ್ನು "ಭಿನ್ನರಾಶಿ ಸಂಕಲನ: ಛೇದ ಬೇರೆ ಇರುವ ಭಿನ್ನರಾಶಿಗಳನ್ನು ಕೂಡುವುದು ಹೇಗೆ" ಎಂದು ಬದಲಿಸಿದೆ. ಅದೇ ಹುಡುಗಿಯನ್ನು ಕರೆದು ಮತ್ತೆ ಹುಡುಕಲು ಹೇಳಿದೆ. ಮೊದಲ ಸಾಲಿನಲ್ಲೇ ಬಂತು. "ಇದು ನಿಮ್ಮ ಧ್ವನಿ ಮಿಸ್!" ಎಂದು ಅವಳು ಅಂದಾಗ ನನಗೆ ಆದ ಸಂತೋಷ ದೊಡ್ಡದು.

ಗ್ರಂಥಾಲಯ ನಡೆಸುವವರಲ್ಲಿ ನನ್ನ ಕೋರಿಕೆ ಇನ್ನೂ ಸ್ಪಷ್ಟವಾಗಿದೆ. "ಫಲಿತಾಂಶ ಇಲ್ಲ" ಎಂದು ಬಂದ ಪ್ರತಿ ಹುಡುಕಾಟವನ್ನೂ ಹೆಸರಿಲ್ಲದೆ ಒಂದು ಕಡೆ ಬರೆದಿಡಬಹುದು. ವಾರಕ್ಕೊಮ್ಮೆ ಆ ಪಟ್ಟಿಯನ್ನು ಯಾರಾದರೂ ಕೂತು ಓದಬೇಕು. ಮಕ್ಕಳು ಏನು ಕೇಳುತ್ತಿದ್ದಾರೆ, ಯಾವ ಪದದಲ್ಲಿ ಕೇಳುತ್ತಿದ್ದಾರೆ ಎಂದು ಅದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ಇನ್ನೊಂದಿಲ್ಲ. ಪಾಠ ನಿಜವಾಗಿಯೂ ಇಲ್ಲದಿದ್ದರೆ ಶಿಕ್ಷಕರಿಗೆ ತಿಳಿಸಿ, ನಾವು ಮಾಡಿಕೊಡುತ್ತೇವೆ. ಇದ್ದೂ ಸಿಗದಿದ್ದರೆ ಆ ಎರಡು ಪದಗಳನ್ನು ಜೋಡಿಸಿ. ಲಸಾಅ ಎಂದು ಕೇಳಿದರೂ ಲ.ಸಾ.ಅ. ತೋರಿಸಿ, ಕೂಡುವುದು ಎಂದರೆ ಸಂಕಲನವನ್ನೂ ತೋರಿಸಿ. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ, ಒಂದು ಸಮಾನಪದಗಳ ಪಟ್ಟಿ ಸಾಕು. ಮತ್ತೊಂದು: ಜಾಸ್ತಿ ಜನ ನೋಡಿದ್ದನ್ನೇ ಮೇಲೆ ತೋರಿಸುತ್ತಾ ಹೋದರೆ ಹೊಸ ಪಾಠ ಯಾವತ್ತೂ ಮೇಲೆ ಬರುವುದಿಲ್ಲ. ಅದನ್ನೂ ಯೋಚಿಸಬೇಕು.

ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ನಿಯಮ ಬರೆದರು. ಗ್ರಂಥಪಾಲಕರಾಗುವ ಮುಂಚೆ ಅವರೂ ಗಣಿತದ ಮೇಷ್ಟ್ರೇ. ಪುಸ್ತಕದ ಜಾಗದಲ್ಲಿ ಈಗ ವಿಡಿಯೊ ಬಂದಿದೆ. ಓದುಗ ಫೋನ್ ಹಿಡಿದ ಹನ್ನೆರಡು ವರ್ಷದ ಮಗು.

ಮಕ್ಕಳು ಹುಡುಕುವ ಪದ ಒಂದು ಕಡೆ, ಪಠ್ಯಪುಸ್ತಕದ ಪದ ಇನ್ನೊಂದು ಕಡೆ ಬರೆದು ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಇವತ್ತಿಗೆ 62 ಜೋಡಿಗಳಾಗಿವೆ, ಎಲ್ಲವೂ ಗಣಿತದವು. ವಿಜ್ಞಾನ, ಸಮಾಜ ಹೇಳಿಕೊಡುವವರೂ ತಮ್ಮ ತಮ್ಮ ಪಟ್ಟಿ ಶುರು ಮಾಡಿದರೆ ಒಟ್ಟಿಗೆ ಸೇರಿಸಬಹುದು. ಯಾವ ಕಲಿಕಾ ಗ್ರಂಥಾಲಯದವರು ಕೇಳಿದರೂ ನನ್ನದನ್ನು ಕೊಡಲು ಸಿದ್ಧಳಿದ್ದೇನೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ